ಒಲೆಯ ಮುಂದಿನ ವ್ರತ

ಸವಳಂಗದಂಥ ಊರಿನಲ್ಲಿ ಬೆಳಗಿನ ಮೊದಲ ಹೊಗೆ ಏಳುವುದು ಅಡುಗೆಮನೆಯಿಂದಲ್ಲ, ಬಚ್ಚಲುಮನೆಯಿಂದ. ನ್ಯಾಮತಿ ತಾಲ್ಲೂಕಿನ ಈ ಊರು ಮಲೆನಾಡಿನ ಸೆರಗಿನಲ್ಲಿದೆ. ಒಂದೆಡೆ ಅಡಿಕೆ ತೋಟ, ಇನ್ನೊಂದೆಡೆ ಮೆಕ್ಕೆಜೋಳದ ಹೊಲ. ಅಡುಗೆಗೆ ಗ್ಯಾಸ್ ಬಂದ ಮನೆಗಳಲ್ಲಿಯೂ ಹಂಡೆಯ ಒಲೆಗೆ ಸೌದೆಯೋ ಅಡಿಕೆ ಸಿಪ್ಪೆಯೋ ಕಾಳು ಬಿಡಿಸಿದ ಜೋಳದ ಬೆಂಡೋ ಬೇಕು. ನೀರು ಕಾದ ಮೇಲೂ ಆ ಒಲೆ ಉರಿಯುತ್ತಲೇ ಇರುತ್ತದೆ. ಅದನ್ನು ದೋಷವೆಂದು ಯಾರೂ ಎಣಿಸುವುದಿಲ್ಲ. ಜೈನರ ಶ್ರಾವಕಾಚಾರ ಎಣಿಸುತ್ತದೆ.

ಪೃಥ್ವಿ, ಜಲ, ತೇಜ, ವಾಯು, ವನಸ್ಪತಿ ಎಂಬ ಐದು ಬಗೆಯ ಸ್ಥಾವರ ಜೀವಿಗಳಲ್ಲಿ ಅಗ್ನಿಕಾಯವೂ ಒಂದು. ಆದರೂ ಗೃಹಸ್ಥನು ಒಲೆ ಹೊತ್ತಿಸಬಾರದೆಂದು ಆಗಮ ವಿಧಿಸಲಿಲ್ಲ. ಅಡುಗೆ, ಗುಡಿಸುವಿಕೆ, ನೀರು ಸೇದುವಿಕೆಗಳಲ್ಲಿ ಆಗುವ ಆರಂಭೀ ಹಿಂಸೆ ಅವನಿಗೆ ತಪ್ಪಿದ್ದಲ್ಲ. ಕಟ್ಟುಪಾಡು ಬರುವುದು ಅಗತ್ಯ ಮುಗಿದ ಮೇಲೆ. ಮೂರು ಗುಣವ್ರತಗಳಲ್ಲಿ ಒಂದಾದ ಅನರ್ಥದಂಡ ವಿರತಿಯನ್ನು ವಿವರಿಸುತ್ತ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಐದು ಬಗೆಯ ಅನರ್ಥದಂಡಗಳನ್ನು ಹೇಳುತ್ತಾರೆ. ಅವುಗಳಲ್ಲಿ ಪ್ರಮಾದಚರ್ಯೆಯೂ ಸೇರಿದೆ: ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡ ಕಡಿಯುವುದು. ಇಂದಿನ ಮನೆಯ ನಲ್ಲಿ, ಗ್ಯಾಸ್, ಫ್ಯಾನು ಮೂರೂ ಆ ಪಟ್ಟಿಯಲ್ಲಿ ಆಗಲೇ ಕುಳಿತಿವೆ.

ಸೌದೆಯ ವಿಷಯದಲ್ಲಿ ಈ ವ್ರತ ಇನ್ನಷ್ಟು ಬಿಗಿಯಾಗುತ್ತದೆ. ಸೌದೆಯೊಳಗೆ ಗೆದ್ದಲು, ಇರುವೆ, ಜೇಡ, ಕೊರಕ ಹುಳು, ಒಮ್ಮೊಮ್ಮೆ ಚೇಳು. ಇವು ನಡೆದಾಡುವ ತ್ರಸಜೀವಿಗಳು. ಆದ್ದರಿಂದಲೇ ಶ್ರಾವಕರ ಮನೆಯ ಹಿರಿಯ ಹೆಂಗಸರು ಕಟ್ಟಿಗೆಯನ್ನು ನೆಲಕ್ಕೆ ಬಡಿದು, ಜಾಡಿಸಿ, ಕಣ್ಣಿಟ್ಟು ನೋಡಿ ಒಲೆಗಿಡುತ್ತಿದ್ದರು. ಬೆರಣಿಯನ್ನು ಮುರಿದು ನೋಡದೆ ಹಚ್ಚುತ್ತಿರಲಿಲ್ಲ. ಮಳೆಗಾಲಕ್ಕೆ ಮುನ್ನವೇ ಸೌದೆಯನ್ನು ಬಿಸಿಲಿಗೆ ಒಣಗಿಸಿ ನೆಲಕ್ಕೆ ತಾಗದಂತೆ ಅಟ್ಟದಲ್ಲಿ ಒಟ್ಟುವ ರೂಢಿಯಿತ್ತು. ಹಸಿ ಕಟ್ಟಿಗೆಯಲ್ಲಿ ಹುಳುವೂ ಹೆಚ್ಚು, ಹೊಗೆಯೂ ಹೆಚ್ಚು. ಅದರ ಶಾಖದ ಒಂದು ಪಾಲು ತನ್ನೊಳಗಿನ ನೀರನ್ನು ಆರಿಸುವುದಕ್ಕೇ ವ್ಯಯವಾಗುತ್ತದೆ. ಅಹಿಂಸೆಗಾಗಿ ಹುಟ್ಟಿದ ಆ ರೂಢಿ ಸೌದೆಯನ್ನೂ ಉಳಿಸುತ್ತಿತ್ತು. ಉರಿಯುವ ಕೊಳ್ಳಿಗೆ ನೀರೆರಚಿ ಆರಿಸುವುದೂ ಅಗ್ನಿಕಾಯಕ್ಕೆ ಬಾಧೆಯೇ. ಆದಕಾರಣ ಬೇಕಾದಷ್ಟನ್ನೇ ಎಣಿಸಿ ಒಲೆಗಿಡುವುದು ಲೇಸು.

ಆದರೆ ಒಲೆಯೇ ಕೆಟ್ಟದಾಗಿದ್ದರೆ ಎಣಿಕೆಯಿಂದ ಏನಾದೀತು? ಮೂರು ಕಲ್ಲಿನ ಒಲೆಯಲ್ಲಿ ಶಾಖದ ಬಹುಪಾಲು ಗೋಡೆಗೂ ಗಾಳಿಗೂ ಹೋಗುತ್ತದೆ. ಹೊಗೆ ಮಾತ್ರ ಊದುವವಳ ಎದೆಗೆ. ಈ ಅನ್ಯಾಯವನ್ನು ಗಮನಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು. ಅಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕುಮಾರ್ ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಅಲ್ಲಿಂದ ಬಂದ ‘ಅಸ್ತ್ರ ಒಲೆ’ಯಲ್ಲಿ ಒಂದೇ ಉರಿ ಸಾಲಾಗಿ ಮೂರು ಪಾತ್ರೆಗಳನ್ನು ಕಾಯಿಸಿ, ಹೊಗೆ ಕೊಳವೆಯ ಮೂಲಕ ಮನೆಯ ಹೊರಗೆ ಹೋಗುತ್ತಿತ್ತು. ಗಾಳಿ ಬೇಕಾದಷ್ಟೇ ಒಳಬರುವಂತೆ ಒಲೆಯ ಬಾಯಿಯನ್ನು ಕಿರಿದು ಮಾಡಿದ್ದರು. ಅದಕ್ಕೆ ಸೌದೆಯನ್ನು ಸಣ್ಣದಾಗಿ ಸೀಳಬೇಕು, ಹೊಗೆಕೊಳವೆಯ ಮಸಿಯನ್ನು ಆಗಾಗ ತೆಗೆಯಬೇಕು. ತೆಗೆಯದ ಮನೆಗಳಲ್ಲಿ ಒಲೆ ಕಟ್ಟಿಕೊಂಡು ಹೊಗೆ ಮತ್ತೆ ಒಳಗೇ ತುಂಬಿತು. ಪ್ರಮಾದವೆಂದರೆ ಎಚ್ಚರಗೇಡಿತನ, ಒಳ್ಳೆಯ ಒಲೆಯೂ ಅದರ ಮುಂದೆ ಸೋಲುತ್ತದೆ.

ಗ್ಯಾಸಿನ ಒಲೆಗೂ ಅಷ್ಟೇ ಎಚ್ಚರ ಸಾಕು. ಬೇಳೆಕಾಳನ್ನು ಮೊದಲೇ ನೆನೆಯಿಟ್ಟು, ಪಾತ್ರೆಗೆ ಮುಚ್ಚಳ ಹಾಕಿ, ಕುದಿ ಬಂದೊಡನೆ ಉರಿ ತಗ್ಗಿಸಿದರೆ 14.2 ಕಿಲೋ ಸಿಲಿಂಡರು ಇನ್ನಷ್ಟು ದಿನ ಬಾಳುತ್ತದೆ. ಪಾತ್ರೆಯ ಅಂಚು ಮೀರಿ ಏಳುವ ಉರಿ ಅಡುಗೆ ಮಾಡುವುದಿಲ್ಲ. ಹಳದಿಗೆ ತಿರುಗಿದ ಉರಿ ಬರ್ನರಿನ ರಂಧ್ರ ಕಟ್ಟಿರುವುದನ್ನು ತಿಳಿಸುತ್ತಿರಬಹುದು. ರಾತ್ರಿಭೋಜನ ತ್ಯಜಿಸಿದ ಮನೆಯಲ್ಲಿ ಎಲ್ಲರೂ ಸೂರ್ಯಾಸ್ತಕ್ಕೆ ಮುನ್ನ ಒಟ್ಟಿಗೆ ಉಣ್ಣುವುದರಿಂದ ಒಬ್ಬೊಬ್ಬರಿಗೂ ಸಾರು ಬಿಸಿಮಾಡುವ ಪ್ರಮೇಯವಿಲ್ಲ. ಆರಕ್ಕೇ ಊಟ ಮುಗಿಸಿ, ಹನ್ನೊಂದರವರೆಗೆ ಮೂರು ಕೋಣೆಗಳಲ್ಲಿ ದೀಪ, ಫ್ಯಾನು, ಟಿ.ವಿ. ಹಚ್ಚಿಡುವ ಮನೆಗಳೂ ಉಂಟೆನ್ನಿ.

ಈಗ ಇನ್ನೊಂದು ಪರೀಕ್ಷೆ ಬಂದಿದೆ. 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆಯಿಂದ 200 ಯೂನಿಟ್‌ಗಳ ಮಿತಿಯೊಳಗೆ ಅಸಂಖ್ಯ ಮನೆಗಳ ವಿದ್ಯುತ್ ಬಿಲ್ಲು ಸೊನ್ನೆಯಾಗಿದೆ. ಬಡವರ ಮನೆಗೆ ಅದು ದೊಡ್ಡ ಆಸರೆ. ಆದರೆ ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ಬೆಂಕಿ ಸೊನ್ನೆಯಾಗುವುದಿಲ್ಲ. ಕಲ್ಲಿದ್ದಲಿನ ಗಣಿಯಿಲ್ಲದ ಈ ನಾಡಿನ ರಾಯಚೂರು ಸ್ಥಾವರದಲ್ಲಿ ಹೊರರಾಜ್ಯದ ಕಲ್ಲಿದ್ದಲು ಉರಿಯುತ್ತದೆ. ಸವಳಂಗಕ್ಕೆ ನೆರೆಯ ಶಿವಮೊಗ್ಗ ಜಿಲ್ಲೆಯಲ್ಲಿ, ಶರಾವತಿಗೆ ಅಡ್ಡಲಾಗಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ನಿಂತಾಗ ಕಾಡೂ ಗದ್ದೆಗಳೂ ಊರುಗಳೂ ಮುಳುಗಿದವು. ಎಬ್ಬಿಸಲ್ಪಟ್ಟ ಅನೇಕ ಕುಟುಂಬಗಳು ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದವು. ಆ ನೀರಿನಲ್ಲಿ ಸತ್ತ ಜೀವಿಗಳನ್ನು ಲೆಕ್ಕವಿಟ್ಟವರಿಲ್ಲ.

ಅಂಗಳದ 60 ವ್ಯಾಟಿನ ಬಲ್ಬಿನಷ್ಟು ಬೆಳಕನ್ನು ಇಂದು 9 ವ್ಯಾಟಿನ ಎಲ್‌ಇಡಿ ದೀಪ ಕೊಡುತ್ತದೆ. ಬೆಳಗಾದ ಮೇಲೂ ಅದು ಎಂಟು ಗಂಟೆಯವರೆಗೆ ಉರಿದರೆ ವಿದ್ಯುತ್ ಕಂಪನಿಯವರು ಕೇಳಲಾರರು. ಆದರೆ ಸಂಜೆ ಪ್ರತಿಕ್ರಮಣಕ್ಕೆ ಕುಳಿತ ಶ್ರಾವಕನು ನೆನೆಯಬೇಕಾದ ಆ ದಿನದ ದೋಷಗಳಲ್ಲಿ ಆ ದೀಪವೂ ಇರುತ್ತದೆ.