ಹೆಸರು ಸಿಗದ ಕಾಯಿಲೆಗೆ ಹಣವೂ ಸಿಗದು
ಮೈಟೊಕಾಂಡ್ರಿಯ ರೋಗಗಳ ಸಂಶೋಧನೆಗೆ ಸರಕಾರದ ನೆರವು ಹೆಚ್ಚಬೇಕು

ಮುಂಬಯಿಯ ಕನ್ನಡ ಸಂಘಗಳಿಗೆ ಬರುವ ವೈದ್ಯಕೀಯ ನೆರವಿನ ಅರ್ಜಿಗಳಲ್ಲಿ ಹೃದಯ, ಮೂತ್ರಪಿಂಡ, ಕ್ಯಾನ್ಸರ್ ಮುಂತಾದ ಹೆಸರುಗಳು ಸಮಿತಿಯವರಿಗೆ ಪರಿಚಿತ. ಶಸ್ತ್ರಚಿಕಿತ್ಸೆಗೆ ಇಷ್ಟು, ಔಷಧಿಗೆ ಇಷ್ಟು ಎಂಬ ಆಸ್ಪತ್ರೆಯ ಅಂದಾಜು ಪತ್ರವೂ ಅರ್ಜಿಯ ಜತೆಗಿರುತ್ತದೆ. ಅದನ್ನು ನೋಡಿ ಸಂಘ ಕೈಲಾದ ನೆರವು ನೀಡುತ್ತದೆ. ಆದರೆ ಕಾಯಿಲೆ ಯಾವುದೆಂದೇ ವರ್ಷಗಟ್ಟಲೆ ತಿಳಿಯದಿದ್ದರೆ, ತಿಳಿದ ಮೇಲೂ ಅದಕ್ಕೆ ಔಷಧಿಯೇ ಇಲ್ಲದಿದ್ದರೆ ಅಂದಾಜು ಪತ್ರ ಬರೆಯುವವರು ಯಾರು? ಮೈಟೊಕಾಂಡ್ರಿಯ ರೋಗಗಳೆಂದು ಕರೆಯಲಾಗುವ ಕಾಯಿಲೆಗಳ ಗುಂಪು ಅಂಥದ್ದು. ಇದಕ್ಕೆ ಬೇಕಾಗಿರುವುದು ದಾನಿಗಳ ಒಂದು ಬಾರಿಯ ನೆರವಿಗಿಂತ ಹೆಚ್ಚಾಗಿ ಸರಕಾರ ದೀರ್ಘಕಾಲ ಹಣ ಒದಗಿಸುವ ಸಂಶೋಧನೆ.

ಜೀವಕೋಶದ ಒಲೆ

ನಮ್ಮ ದೇಹದ ಜೀವಕೋಶಗಳೊಳಗೆ ಮೈಟೊಕಾಂಡ್ರಿಯ ಎಂಬ ಅತಿ ಸಣ್ಣ ಘಟಕಗಳಿವೆ. ನಾವು ತಿಂದ ಅನ್ನ, ಉಸಿರಾಡಿದ ಆಮ್ಲಜನಕ ಇವೆರಡನ್ನೂ ಬಳಸಿ ದೇಹಕ್ಕೆ ಬೇಕಾದ ಶಕ್ತಿಯ ಬಹುಪಾಲನ್ನು ತಯಾರಿಸುವುದು ಇವುಗಳ ಕೆಲಸ. ಹೋಟೆಲಿನ ಅಡುಗೆಮನೆಯಲ್ಲಿ ಗ್ಯಾಸಿನ ಒತ್ತಡ ಕಡಿಮೆಯಾದರೆ ಮೊದಲು ತೊಂದರೆಯಾಗುವುದು ಹೆಚ್ಚು ಉರಿ ಬೇಡುವ ದೋಸೆ ಕಾವಲಿಗೆ. ದೇಹದಲ್ಲೂ ಹಾಗೆಯೇ. ಹೆಚ್ಚು ಶಕ್ತಿ ಬೇಡುವ ಮೆದುಳು, ಹೃದಯ, ಸ್ನಾಯು, ಕಣ್ಣು, ಕಿವಿಗಳೇ ಮೊದಲು ಸೋಲುತ್ತವೆ.

ಆದುದರಿಂದಲೇ ಈ ಕಾಯಿಲೆಗೆ ಒಂದೇ ಮುಖವಿಲ್ಲ. ಲೀ ಸಿಂಡ್ರೋಮ್ ಎಂಬ ಬಗೆಯಲ್ಲಿ ಚೆನ್ನಾಗಿ ಬೆಳೆಯುತ್ತಿದ್ದ ಹಸುಗೂಸು ಒಂದು ಜ್ವರದ ಬಳಿಕ ಕಲಿತದ್ದನ್ನೆಲ್ಲ ಮರೆತು ಕುಸಿಯಬಹುದು. ಮೆಲಾಸ್ ಎಂಬ ಬಗೆಯಲ್ಲಿ ಎಳೆಯ ಪ್ರಾಯದಲ್ಲೇ ಪಾರ್ಶ್ವವಾಯುವಿನಂಥ ಆಘಾತ, ಫಿಟ್ಸ್ ಬರಬಹುದು. ಲೆಬರ್ ಎಂಬ ಕಣ್ಣಿನ ಬಗೆಯಲ್ಲಿ ದುಡಿಯುವ ವಯಸ್ಸಿನ ಯುವಕ ಕೆಲವೇ ವಾರ, ತಿಂಗಳುಗಳಲ್ಲಿ ದೃಷ್ಟಿ ಕಳೆದುಕೊಳ್ಳಬಹುದು. ಇನ್ನು ಕೆಲವರಲ್ಲಿ ಸಕ್ಕರೆ ಕಾಯಿಲೆ ಮತ್ತು ಕಿವುಡುತನ ಜತೆಯಾಗಿ ಬರುತ್ತವೆ. ಪರಿಣಾಮವಾಗಿ ರೋಗಿ ಮಕ್ಕಳ ವೈದ್ಯರಿಂದ ನರರೋಗ ತಜ್ಞರಿಗೆ, ಅಲ್ಲಿಂದ ಕಣ್ಣಿನ ವೈದ್ಯರಿಗೆ, ಹೃದಯ ತಜ್ಞರಿಗೆ ಅಲೆಯುತ್ತಾ ಹೋಗುತ್ತಾನೆ. ಒಬ್ಬೊಬ್ಬರ ಕಡತದಲ್ಲಿ ಒಂದೊಂದು ತುಂಡು ಉಳಿಯುತ್ತದೆ. ಎಲ್ಲವನ್ನೂ ಜೋಡಿಸಿ ನೋಡುವವರು ಸಿಗುವ ತನಕ ಕಾಯಿಲೆಗೆ ಹೆಸರಿರುವುದಿಲ್ಲ.

1962ರಲ್ಲಿ ಸ್ವೀಡನ್‌ನ ವೈದ್ಯ ರಾಲ್ಫ್ ಲುಫ್ಟ್ ಮತ್ತು ಸಂಗಡಿಗರು ಮೈಟೊಕಾಂಡ್ರಿಯದ ದೋಷದಿಂದ ಬಂದ ಕಾಯಿಲೆಯನ್ನು ಮೊದಲು ವಿವರಿಸಿದರು. 1981ರಲ್ಲಿ ಬ್ರಿಟನ್‌ನ ಕೇಂಬ್ರಿಜ್‌ನ ವಿಜ್ಞಾನಿಗಳು ಮಾನವನ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಪೂರ್ತಿ ಓದಿ ಮುಗಿಸಿದರು. ಅದರಲ್ಲಿರುವುದು 16,569 ಅಕ್ಷರ ಜೋಡಿಗಳು, 37 ವಂಶವಾಹಿಗಳು ಮಾತ್ರ. ಅದರಲ್ಲಿನ ದೋಷಗಳೇ ರೋಗಕ್ಕೆ ಕಾರಣವೆಂಬುದು 1988ರಲ್ಲಿ ಖಚಿತವಾಯಿತು. ಎಂದರೆ ಈ ವಿಭಾಗದ ವೈದ್ಯಶಾಸ್ತ್ರಕ್ಕೆ ಇನ್ನೂ ನಾಲ್ಕು ದಶಕವೂ ತುಂಬಿಲ್ಲ.

ತಾಯಿಯ ತಪ್ಪಲ್ಲ

ಮೈಟೊಕಾಂಡ್ರಿಯದ ಡಿಎನ್‌ಎ ಮಗುವಿಗೆ ಬರುವುದು ತಾಯಿಯಿಂದ. ಈ ಒಂದು ಮಾತು ಅರ್ಧ ಮಾತ್ರ ತಿಳಿದಾಗ ಮನೆಗಳಲ್ಲಿ ಅನ್ಯಾಯಕ್ಕೆ ದಾರಿಯಾಗುತ್ತದೆ. ಸೊಸೆಯ ಕಡೆಯಿಂದ ಬಂದ ಕಾಯಿಲೆ ಎಂಬ ಚುಚ್ಚುಮಾತು ಹುಟ್ಟುತ್ತದೆ. ವಾಸ್ತವದಲ್ಲಿ ಮೈಟೊಕಾಂಡ್ರಿಯ ಕೆಲಸ ಮಾಡಲು ಬೇಕಾದ ಸಾವಿರಕ್ಕೂ ಹೆಚ್ಚು ಪ್ರೊಟೀನುಗಳ ಪೈಕಿ 13ನ್ನು ಬಿಟ್ಟರೆ ಉಳಿದೆಲ್ಲವುಗಳ ವಂಶವಾಹಿಗಳು ಜೀವಕೋಶದ ಕೇಂದ್ರದಲ್ಲಿವೆ. ಅವು ತಂದೆ, ತಾಯಿ ಇಬ್ಬರಿಂದಲೂ ಬರುತ್ತವೆ. ಮಕ್ಕಳಲ್ಲಿ ಕಾಣುವ ಮೈಟೊಕಾಂಡ್ರಿಯ ರೋಗಗಳ ಬಹುಪಾಲು ಈ ಎರಡನೇ ಬಗೆಯವು. ಇವುಗಳಲ್ಲಿ ಹೆಚ್ಚಿನವು ಕಾಣಿಸಿಕೊಳ್ಳುವುದು ತಂದೆ, ತಾಯಿ ಇಬ್ಬರೂ ತಮಗೇ ತಿಳಿಯದೆ ಒಂದೇ ವಂಶವಾಹಿಯ ದೋಷವನ್ನು ಹೊತ್ತಿದ್ದಾಗ.

ಸೋದರಮಾವ, ಅತ್ತೆ-ಮಾವನ ಮಕ್ಕಳ ನಡುವೆ ಸಂಬಂಧ ಬೆಳೆಸುವ ಪದ್ಧತಿ ಕರ್ನಾಟಕದಲ್ಲಿ ಇಂದಿಗೂ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು ತೋರಿಸಿರುವಂತೆ ರಾಜ್ಯದ ವಿವಾಹಗಳಲ್ಲಿ ಸುಮಾರು ಕಾಲುಭಾಗ ರಕ್ತಸಂಬಂಧದೊಳಗಿನವು. ಇಂತಹ ಎಲ್ಲ ದಂಪತಿಗಳಿಗೂ ತೊಂದರೆಯಾಗುತ್ತದೆ ಎಂದಲ್ಲ. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಒಂದೇ ದೋಷ ಎರಡೂ ಕಡೆಯಿಂದ ಸೇರುವ ಸಂಭವ ಇಲ್ಲಿ ಹೆಚ್ಚು. ಹೀಗಾಗಿ ಹೊರದೇಶದ ರೋಗಿಗಳ ಅಂಕಿ ಅಂಶಗಳನ್ನೇ ನಂಬಿ ಕೂರುವಂತಿಲ್ಲ. ನಮ್ಮ ಜನರಲ್ಲಿ ಯಾವ ದೋಷಗಳು ಹೆಚ್ಚು ಎಂಬುದನ್ನು ಇಲ್ಲಿಯೇ ಕಂಡುಹಿಡಿಯಬೇಕು.

ಜಗತ್ತಿನಲ್ಲಿ ಸುಮಾರು 5,000 ಮಂದಿಗೆ ಒಬ್ಬರಲ್ಲಿ ಮೈಟೊಕಾಂಡ್ರಿಯ ರೋಗವಿದೆ ಎಂಬುದು ತಜ್ಞರ ಅಂದಾಜು. ಇದೇ ಪ್ರಮಾಣವನ್ನು 2011ರ ಜನಗಣತಿಯ ಕರ್ನಾಟಕದ 6.11 ಕೋಟಿ ಜನಸಂಖ್ಯೆಗೆ ಅನ್ವಯಿಸಿದರೆ 12 ಸಾವಿರಕ್ಕೂ ಹೆಚ್ಚು ಮಂದಿಯಾಗುತ್ತಾರೆ. ಇಡೀ ದೇಶದ ಇಂದಿನ ಜನಸಂಖ್ಯೆಗೆ ಅನ್ವಯಿಸಿದರೆ ಎರಡೂವರೆ ಲಕ್ಷ ಮೀರುತ್ತದೆ. ಇದು ಕಾಗದದ ಲೆಕ್ಕವೇ ಹೊರತು ಮನೆ ಮನೆಗೆ ಹೋಗಿ ಮಾಡಿದ ಎಣಿಕೆಯಲ್ಲ. ಎಣಿಸದ ರೋಗಿಗಳಿಗೆ ಬಜೆಟ್‌ನಲ್ಲಿ ಸಾಲು ಸಿಗುವುದು ಹೇಗೆ ಎಂಬುದೇ ಮೊದಲ ಪ್ರಶ್ನೆ.

ಬೇಗ ಪತ್ತೆಯಾದರೆ ಉಳಿಯುವ ಜೀವಗಳು

ಔಷಧಿಯೇ ಇಲ್ಲದ ಕಾಯಿಲೆಯನ್ನು ಪತ್ತೆ ಮಾಡಿ ಪ್ರಯೋಜನವೇನು ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಸ್ಪಷ್ಟವಾಗಿದೆ. ಎಂಆರ್‌ಐ ಚಿತ್ರದಲ್ಲಿ ಲೀ ಸಿಂಡ್ರೋಮ್‌ನಂತೆಯೇ ಕಾಣಬಲ್ಲ ಒಂದು ಆನುವಂಶಿಕ ಕಾಯಿಲೆಯಿದೆ. ಬಯೋಟಿನ್ ಮತ್ತು ಥಯಾಮಿನ್ ಎಂಬ ಎರಡು ವಿಟಮಿನ್‌ಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಬೇಗನೆ ಕೊಟ್ಟರೆ ಅಂಥ ಮಗು ಚೇತರಿಸಿಕೊಳ್ಳಬಲ್ಲದು. ಔಷಧ ಅಂಗಡಿಯಲ್ಲಿ ಸಿಗುವ ಸಾಮಾನ್ಯ ವಿಟಮಿನ್‌ಗಳಿವು. ತಡವಾದರೆ ಮೆದುಳಿಗೆ ಆದ ಹಾನಿ ಉಳಿದುಬಿಡುತ್ತದೆ.

ಇನ್ನೊಂದು ಉದಾಹರಣೆ ಕಿವಿಯದ್ದು. ಮೈಟೊಕಾಂಡ್ರಿಯದ ಒಂದು ನಿರ್ದಿಷ್ಟ ದೋಷವಿರುವವರಿಗೆ ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್ ಗುಂಪಿನ ಚುಚ್ಚುಮದ್ದು ಕೊಟ್ಟರೆ ಶಾಶ್ವತ ಕಿವುಡು ಬರಬಹುದು. ಕ್ಷಯರೋಗಕ್ಕೆ ದಶಕಗಳ ಕಾಲ ಈ ಗುಂಪಿನ ಔಷಧಿಗಳನ್ನು ಧಾರಾಳವಾಗಿ ಬಳಸಿದ ದೇಶ ನಮ್ಮದು. ತಾಯಿಯ ಕಡೆಯಲ್ಲಿ ಚುಚ್ಚುಮದ್ದಿನ ಬಳಿಕ ಕಿವಿ ಹೋದವರಿದ್ದಾರೆಯೇ ಎಂಬ ಒಂದು ಪ್ರಶ್ನೆ ಮನೆಯ ಮುಂದಿನ ಮಕ್ಕಳ ಶ್ರವಣ ಶಕ್ತಿಯನ್ನು ಉಳಿಸಬಹುದು. ಹಾಗೆಯೇ ಫಿಟ್ಸ್‌ಗೆ ಸಾಮಾನ್ಯವಾಗಿ ಕೊಡುವ ವ್ಯಾಲ್ಪ್ರೋಯೇಟ್ ಎಂಬ ಔಷಧಿ ಕೆಲವು ಬಗೆಯ ಮೈಟೊಕಾಂಡ್ರಿಯ ರೋಗಿಗಳ ಯಕೃತ್ತಿಗೆ ಪ್ರಾಣಾಂತಿಕವಾಗಬಲ್ಲದು. ರೋಗದ ಹೆಸರು ಗೊತ್ತಿದ್ದರೆ ವೈದ್ಯರು ಬೇರೆ ಔಷಧಿ ಆರಿಸುತ್ತಾರೆ.

ಬೆಂಗಳೂರು, ಹೈದರಾಬಾದ್‌ಗಳಲ್ಲಿ ನಡೆದ ಕೆಲಸ

ಭಾರತದಲ್ಲಿ ಈ ವಿಷಯದ ಸಂಶೋಧನೆ ಶೂನ್ಯದಿಂದ ಆರಂಭವಾಗಬೇಕಾಗಿಲ್ಲ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ತಜ್ಞರು ಮತ್ತು ರೋಗನಿದಾನ ತಜ್ಞರು ಸ್ನಾಯುವಿನ ತುಣುಕನ್ನು ಪರೀಕ್ಷಿಸಿ ಈ ರೋಗಗಳನ್ನು ಗುರುತಿಸುವ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತಾ ಬಂದಿದ್ದಾರೆ. ಹೈದರಾಬಾದ್‌ನ ಸಿಸಿಎಂಬಿಯಲ್ಲಿ ಡಾ. ಕೆ. ತಂಗರಾಜ್ ಮತ್ತವರ ತಂಡ ಭಾರತೀಯರ ಮೈಟೊಕಾಂಡ್ರಿಯದ ಡಿಎನ್‌ಎ ಕುರಿತು ವ್ಯಾಪಕ ಅಧ್ಯಯನ ನಡೆಸಿದೆ. ಈ ಎರಡು ಸಂಸ್ಥೆಗಳು ಜತೆಗೂಡಿ ಪ್ರಕಟಿಸಿದ ಪ್ರಬಂಧಗಳೂ ಇವೆ. ಎರಡೂ ಸರಕಾರಿ ಹಣದಿಂದ ನಡೆಯುವ ಸಂಸ್ಥೆಗಳು ಎಂಬುದನ್ನು ಮರೆಯುವಂತಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ, ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ ನಡೆದ ಜೀನೋಮ್ ಇಂಡಿಯಾ ಯೋಜನೆಯಲ್ಲಿ 10 ಸಾವಿರ ಭಾರತೀಯರ ವಂಶವಾಹಿ ಮಾಹಿತಿ ಸಂಗ್ರಹವಾಗಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಲ್ಪಟ್ಟಿತು. ಆರೋಗ್ಯವಂತರ ಮಾಹಿತಿ ಕೈಯಲ್ಲಿದ್ದರೆ ರೋಗಿಯಲ್ಲಿ ಕಂಡ ಬದಲಾವಣೆ ನಿಜವಾಗಿ ದೋಷವೇ ಅಲ್ಲವೇ ಎಂದು ಹೋಲಿಸಿ ನೋಡುವುದು ಸುಲಭ. ಅಡಿಪಾಯ ಬಿದ್ದಿದೆ, ಗೋಡೆ ಏಳಬೇಕಾಗಿದೆ.

ನೀತಿ ಇದೆ, ಕೊರತೆಯೂ ಇದೆ

ಕೇಂದ್ರ ಸರಕಾರ 2021ರ ಮಾರ್ಚ್‌ನಲ್ಲಿ ವಿರಳ ರೋಗಗಳ ರಾಷ್ಟ್ರೀಯ ನೀತಿಯನ್ನು ಜಾರಿಗೆ ತಂದಿತು. ಇದರನ್ವಯ ಗುರುತಿಸಲ್ಪಟ್ಟ ಉತ್ಕೃಷ್ಟತಾ ಕೇಂದ್ರಗಳಲ್ಲಿ ಮುಂಬಯಿ ಪರೇಲ್‌ನ ಕೆಇಎಂ ಆಸ್ಪತ್ರೆಯೂ, ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರ ಹಾಗೂ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೋಡಿಯೂ ಸೇರಿವೆ. ಆರಂಭದಲ್ಲಿ 20 ಲಕ್ಷ ರೂ.ಗಳಿದ್ದ ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂ.ಗಳಿಗೆ ಏರಿಸಲಾಯಿತು. ಇದು ಸ್ವಾಗತಾರ್ಹ ಹೆಜ್ಜೆ.

ಆದರೆ ಈ ನೀತಿ ರೋಗಗಳನ್ನು ಮೂರು ಗುಂಪು ಮಾಡಿರುವುದು ಅವುಗಳಿಗೆ ಇರುವ ಚಿಕಿತ್ಸೆಯ ಆಧಾರದಲ್ಲಿ. ಒಂದೇ ಬಾರಿ ಚಿಕಿತ್ಸೆ ಸಾಕಾಗುವವು, ದೀರ್ಘಕಾಲ ಚಿಕಿತ್ಸೆ ಬೇಕಾದವು, ಚಿಕಿತ್ಸೆ ಇದ್ದರೂ ಬಹಳ ದುಬಾರಿಯಾದವು ಎಂಬುದೇ ಆ ಗುಂಪುಗಳು. ಖಚಿತ ಚಿಕಿತ್ಸೆಯೇ ಇಲ್ಲದ ಬಹುಪಾಲು ಮೈಟೊಕಾಂಡ್ರಿಯ ರೋಗಗಳಿಗೆ ಈ ಚೌಕಟ್ಟಿನಲ್ಲಿ ಜಾಗ ಸಿಗುವುದು ಕಷ್ಟ. ಔಷಧಿ ಇದ್ದರೆ ಹಣ, ಸಂಶೋಧನೆ ನಡೆದರೆ ಔಷಧಿ, ಹಣವಿದ್ದರೆ ಸಂಶೋಧನೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕಾದದ್ದು ಸರಕಾರವೇ. ರೋಗಿಗಳ ಸಂಖ್ಯೆ ಕಡಿಮೆ ಇರುವಲ್ಲಿ ಖಾಸಗಿ ಔಷಧ ಕಂಪೆನಿಗಳು ತಾವಾಗಿ ಮುಂದೆ ಬರುವುದು ಅಪರೂಪ.

ಕ್ಷಯ, ಅಪೌಷ್ಟಿಕತೆ, ರಕ್ತಹೀನತೆ ಇನ್ನೂ ಕಾಡುತ್ತಿರುವ ದೇಶದಲ್ಲಿ ವಿರಳ ರೋಗಕ್ಕೆ ಹಣ ಹಾಕುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅವುಗಳ ಹಣವನ್ನು ಕಿತ್ತು ಇಲ್ಲಿಗೆ ಕೊಡಿ ಎಂದು ಯಾರೂ ಹೇಳಬೇಕಾಗಿಲ್ಲ. ಭಾರತ ಎಲ್ಲ ಬಗೆಯ ಸಂಶೋಧನೆಗೂ ಸೇರಿ ಮಾಡುವ ವೆಚ್ಚವೇ ಒಟ್ಟು ದೇಶೀಯ ಉತ್ಪನ್ನದ ಶೇ. 0.64ರಷ್ಟು ಎಂದು 2020-21ರ ಲೆಕ್ಕ ಹೇಳುತ್ತದೆ. ಹಿಗ್ಗಬೇಕಾದದ್ದು ಆ ಮೊತ್ತ. ಸಕ್ಕರೆ ಕಾಯಿಲೆ, ಪಾರ್ಕಿನ್ಸನ್, ಮುಪ್ಪಿನ ತೊಂದರೆಗಳಲ್ಲಿ ಮೈಟೊಕಾಂಡ್ರಿಯದ ಪಾತ್ರವೇನೆಂದು ವಿಜ್ಞಾನಿಗಳು ಹುಡುಕುತ್ತಿರುವುದರಿಂದ ಇಲ್ಲಿ ಕಲಿತದ್ದು ಕೋಟ್ಯಂತರ ಮಂದಿಗೂ ಉಪಯೋಗಕ್ಕೆ ಬರಬಹುದು.

ಮನಸ್ಸು ಮಾಡಿದರೆ ಸರಕಾರಕ್ಕೆ ಸಾಧ್ಯ ಎಂಬುದಕ್ಕೆ ಸಾಕ್ಷಿಯೂ ಇದೆ. ಟೈರೊಸಿನೀಮಿಯ ಎಂಬ ವಿರಳ ರೋಗಕ್ಕೆ ಬೇಕಾದ ನಿಟಿಸಿನೋನ್ ಔಷಧಿಗೆ ವರ್ಷಕ್ಕೆ 2.2 ಕೋಟಿ ರೂ. ತನಕ ತಗಲುತ್ತಿತ್ತು. ದೇಶದೊಳಗೇ ತಯಾರಿಸಲು ಪ್ರೋತ್ಸಾಹ ಸಿಕ್ಕಿದ ಮೇಲೆ ಅದು ಸುಮಾರು 2.5 ಲಕ್ಷ ರೂ.ಗಳಿಗೆ ಇಳಿಯಿತೆಂದು 2023ರ ನವೆಂಬರ್‌ನಲ್ಲಿ ಕೇಂದ್ರವೇ ಪ್ರಕಟಿಸಿತು.

ಹೊರದೇಶಗಳಲ್ಲಿ

ಟಿಕೆ-2 ಎಂಬ ವಂಶವಾಹಿಯ ದೋಷದಿಂದ ಸ್ನಾಯುಗಳು ಕರಗಿ ಉಸಿರಾಟವೇ ಕಷ್ಟವಾಗುವ ಒಂದು ಮೈಟೊಕಾಂಡ್ರಿಯ ರೋಗವಿದೆ. ಕಾರಣ ತಿಳಿದದ್ದು 2001ರಲ್ಲಿ. ವಿಶ್ವವಿದ್ಯಾನಿಲಯಗಳ ಪ್ರಯೋಗಾಲಯಗಳಲ್ಲಿ ವರ್ಷಗಟ್ಟಲೆ ಕೆಲಸ ನಡೆದು, 2025ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಅದರ ಔಷಧಿಗೆ ಮಂಜೂರಾತಿ ದೊರೆಯಿತು. ಎಂದರೆ 24 ವರ್ಷಗಳ ಪಯಣ. ಎರಡು, ಮೂರು ವರ್ಷಕ್ಕೊಮ್ಮೆ ಮುಗಿಯುವ ಅನುದಾನದಿಂದ ಇಂಥ ದಾರಿ ಸವೆಯದು.

ಬ್ರಿಟನ್ ಸಂಸತ್ತು 2015ರಲ್ಲಿ ಕಾನೂನು ಮಾಡಿ, ದೋಷವಿರುವ ತಾಯಿಯ ಫಲಿತ ಅಂಡದ ಕೇಂದ್ರವನ್ನು ಆರೋಗ್ಯವಂತ ದಾನಿಯ ಅಂಡಕ್ಕೆ ಸೇರಿಸುವ ವಿಧಾನಕ್ಕೆ ಅನುಮತಿ ನೀಡಿತು. ಈ ವಿಧಾನದಿಂದ ನ್ಯೂಕ್ಯಾಸಲ್‌ನಲ್ಲಿ ಎಂಟು ಮಕ್ಕಳು ಜನಿಸಿದ್ದಾರೆಂಬ ವರದಿ 2025ರ ಜುಲೈಯಲ್ಲಿ ಪ್ರಕಟವಾಯಿತು. ಆಸ್ಟ್ರೇಲಿಯವೂ 2022ರಲ್ಲಿ ಇದಕ್ಕೆ ಕಾನೂನು ರೂಪಿಸಿದೆ. ಈ ವಿಧಾನದ ಒಳಿತು ಕೆಡುಕುಗಳ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಭಾರತ ಅದನ್ನು ಒಪ್ಪಲಿ, ಬಿಡಲಿ. ತೀರ್ಮಾನಕ್ಕೆ ಬರಲು ನಮ್ಮದೇ ಅಧ್ಯಯನ, ನಮ್ಮದೇ ತಜ್ಞರು ಬೇಕು.

ಆಗಬೇಕಾದದ್ದೇನು?

ಮೊದಲನೆಯದಾಗಿ ಮೈಟೊಕಾಂಡ್ರಿಯ ರೋಗಿಗಳ ರಾಷ್ಟ್ರೀಯ ನೋಂದಣಿ ನಡೆಯಬೇಕು. ಎರಡನೆಯದಾಗಿ ವಂಶವಾಹಿ ಪರೀಕ್ಷೆ ಜಿಲ್ಲಾ ಆಸ್ಪತ್ರೆಯ ಮೂಲಕವೇ ಉಚಿತವಾಗಿ ಸಿಗಬೇಕು; ಮಾದರಿ ಊರಿಂದ ಪ್ರಯೋಗಾಲಯಕ್ಕೆ ಹೋಗಲಿ, ಮಗು ಅಲೆಯುವುದು ಬೇಡ. ಮೂರನೆಯದಾಗಿ ನಿಮ್ಹಾನ್ಸ್, ಸಿಸಿಎಂಬಿ, ಕೆಇಎಂನಂಥ ಸಂಸ್ಥೆಗಳನ್ನು ಜೋಡಿಸುವ, ಕನಿಷ್ಠ ಹತ್ತು ವರ್ಷ ನಿಲ್ಲದ ಅನುದಾನ ಬೇಕು. ಸಂಶೋಧನೆಗೆ 2023ರಿಂದ 2028ರ ಅವಧಿಯಲ್ಲಿ 50 ಸಾವಿರ ಕೋಟಿ ರೂ. ಒದಗಿಸುವ ಗುರಿಯೊಂದಿಗೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ 2023ರಲ್ಲಿ ಕಾನೂನಿನ ರೂಪ ಸಿಕ್ಕಿದೆ. ಅದರಲ್ಲೊಂದು ಪಾಲು ಇತ್ತ ಹರಿಯಲಿ. ನಾಲ್ಕನೆಯದಾಗಿ ಹೊರದೇಶಗಳಲ್ಲಿ ನಡೆಯುವ ಔಷಧಿ ಪ್ರಯೋಗಗಳಲ್ಲಿ ಭಾರತದ ರೋಗಿಗಳಿಗೂ ಸುರಕ್ಷಿತವಾಗಿ ಪಾಲ್ಗೊಳ್ಳುವ ಅವಕಾಶ ದೊರೆಯಬೇಕು.

ಕನ್ನಡ ಸಂಘಗಳು ಕೈಕಟ್ಟಿ ಕೂರಬೇಕಾಗಿಲ್ಲ. ವಾರ್ಷಿಕ ಮಹಾಸಭೆಯಲ್ಲಿ ಒಂದು ಗೊತ್ತುವಳಿ ಸ್ವೀಕರಿಸಿ ಇಲ್ಲಿಯ ಹಾಗೂ ಊರಿನ ಸಂಸದರಿಗೆ ಕಳುಹಿಸಬಹುದು. ರಕ್ತದೊತ್ತಡ, ಸಕ್ಕರೆ ಪರೀಕ್ಷೆಯ ಆರೋಗ್ಯ ಶಿಬಿರಗಳಲ್ಲಿ ತಾಯಿಯ ಕಡೆಯ ಕಿವುಡು, ಫಿಟ್ಸ್, ಕಾರಣ ತಿಳಿಯದ ಶಿಶು ಮರಣಗಳ ಬಗ್ಗೆ ಕೇಳಿ ಬರೆದಿಟ್ಟುಕೊಳ್ಳಬಹುದು. ವಧೂವರರ ಮಾಹಿತಿ ವಿಭಾಗವಿರುವ ಸಂಘಗಳು ಸಂಬಂಧದೊಳಗೆ ಮದುವೆಯಾಗುವವರಿಗೆ ಆನುವಂಶಿಕ ಸಲಹೆ ಪಡೆಯಲು ತಿಳಿಹೇಳಬಹುದು. ಊರಿನಿಂದ ಪರೇಲ್‌ಗೆ ಬರುವ ಕುಟುಂಬದ ಹಳೆಯ ಕಡತಗಳನ್ನೆಲ್ಲ ದಿನಾಂಕವಾರು ಜೋಡಿಸಿ ಕೊಡುವ ಒಬ್ಬ ಯುವ ಕಾರ್ಯಕರ್ತನೂ ದೊಡ್ಡ ನೆರವೇ.

ಮಗು ಹೋದ ಮೇಲೂ ಕಾರಣ ತಿಳಿಯದೆ ಕುಳಿತ ತಂದೆ ತಾಯಿಗೆ ಇನ್ನೊಂದು ಮಗುವನ್ನು ಬಯಸಬಹುದೇ ಎಂಬ ಪ್ರಶ್ನೆ ಉಳಿಯುತ್ತದೆ. ಆ ಪ್ರಶ್ನೆಗೆ ಧೈರ್ಯವಾಗಿ ಉತ್ತರ ಹೇಳಲು ವೈದ್ಯರಿಗೆ ಬೇಕಾಗಿರುವುದು ಪ್ರಯೋಗಾಲಯ ಮತ್ತು ವರ್ಷಗಳ ಸಮಯ. ಅವೆರಡನ್ನೂ ಒದಗಿಸುವುದು ಸರಕಾರದ ಹೊಣೆ. ಅದನ್ನು ಕೇಳಿ ಪಡೆಯುವುದು ಸಮಾಜದ ಹೊಣೆ.