ಅಂಚೆಕಾರ್ಡಿನ ಅಳತೆಯಲ್ಲಿ ಆದಿಲ್‌ಶಾಹಿ ಚಿತ್ರಕಲೆ

ಆದಿಲ್‌ಶಾಹಿ ಅರಸರ ಕಟ್ಟಡಗಳು ವಿಜಯಪುರದಲ್ಲಿಯೇ ಉಳಿದಿವೆಯಾದರೂ, ಅದೇ ಆಸ್ಥಾನದಲ್ಲಿ ರಚಿತವಾದ ಕಿರುಚಿತ್ರಗಳು, ಎಂದರೆ ಕಾಗದದ ಮೇಲೆ ಬಣ್ಣ ಮತ್ತು ಚಿನ್ನದಿಂದ ಬರೆದ ಪುಸ್ತಕದ ಹಾಳೆಯಷ್ಟೇ ಗಾತ್ರದ ಚಿತ್ರಗಳು, ಹಲವು ದೇಶಗಳಿಗೆ ಚದುರಿಹೋಗಿವೆ. 1686ರಲ್ಲಿ ಔರಂಗಜೇಬನು ನಗರವನ್ನು ಗೆದ್ದ ಬಳಿಕ ಅರಮನೆಯ ಗ್ರಂಥಸಂಪತ್ತು ಒಂದೆಡೆ ಉಳಿಯಲಿಲ್ಲ. ನಗರದ ಆಸಾರ್ ಮಹಲಿನಲ್ಲಿ ಉಳಿದಿದ್ದ ಹಸ್ತಪ್ರತಿಗಳೂ 1853ರಲ್ಲಿ ಲಂಡನ್ನಿಗೆ ಸಾಗಿದವು. ಹೀಗಾಗಿ ವಿಜಯಪುರ, ತಿಕೋಟಾ, ಬಬಲೇಶ್ವರದ ಜನಸಾಮಾನ್ಯರಿಗೆ ತಮ್ಮ ನೆಲದ ಈ ಕಲೆಯ ಪರಿಚಯವಾಗಬೇಕಾದರೆ ಮುದ್ರಿತ ಪ್ರತಿಕೃತಿಗಳೇ ದಾರಿ. ಅವುಗಳಲ್ಲಿ ಅತ್ಯಂತ ಅಗ್ಗವಾದದ್ದು, ಎಲ್ಲರ ಕೈಗೂ ಎಟುಕುವಂಥದ್ದು ಚಿತ್ರ ಅಂಚೆಕಾರ್ಡು.

ಈ ಕಲೆ ಉತ್ತುಂಗಕ್ಕೇರಿದ್ದು 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ. ‘ಕಿತಾಬ್-ಎ-ನವರಸ್’ ಎಂಬ ಗೀತಸಂಕಲನವನ್ನು ರಚಿಸಿದ, ತಿಕೋಟಾ ಮಾರ್ಗದ ತೊರವಿಯ ಬಳಿ 1599ರಲ್ಲಿ ನವರಸಪುರವನ್ನು ಕಟ್ಟಲು ತೊಡಗಿದ ಈ ಸುಲ್ತಾನನ ಆಶ್ರಯದಲ್ಲಿ ಫರ್ರೂಖ್ ಹುಸೇನ್ ಎಂಬ ಚಿತ್ರಕಾರನಿದ್ದನು. ಅಕ್ಬರನ ಆಸ್ಥಾನದ ಫರ್ರೂಖ್ ಬೇಗನೂ ಈತನೂ ಒಬ್ಬನೇ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಇಬ್ರಾಹಿಮನು ತಂಬೂರ್ ವಾದ್ಯ ನುಡಿಸುತ್ತ ಕುಳಿತಿರುವ, ಫರ್ರೂಖ್ ಹುಸೇನ್ ಬರೆದ ಚಿತ್ರ ಇಂದು ಪ್ರಾಗ್ ನಗರದಲ್ಲಿದೆ. ಮೈನಾ ಹಕ್ಕಿಯನ್ನು ಹಿಡಿದ ಯೋಗಿನಿಯ ಚಿತ್ರ ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದ್ದರೆ, ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಸುಮಾರು 1680ರಲ್ಲಿ ರಚಿಸಿದ ಆದಿಲ್‌ಶಾಹಿ ಅರಸುಮನೆತನದ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ.

ದೊಡ್ಡ ತೈಲಚಿತ್ರವೊಂದನ್ನು ಕಾರ್ಡಿಗೆ ಇಳಿಸಿದಾಗ ಅದರ ವೈಶಾಲ್ಯವೇ ಕಳೆದುಹೋಗುತ್ತದೆ. ಕೈಯಲ್ಲಿ ಹಿಡಿದು ನೋಡಲೆಂದೇ ರಚಿಸಿದ ಕಿರುಚಿತ್ರಕ್ಕೆ ಅಷ್ಟು ನಷ್ಟವಾಗುವುದಿಲ್ಲ. ಆದರೆ ಬಣ್ಣದ ವಿಷಯ ಬೇರೆ. ಆಫ್‌ಸೆಟ್ ಮುದ್ರಣದಲ್ಲಿ ತಿಳಿನೀಲಿ, ಕಡುಗುಲಾಬಿ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಸೂಕ್ಷ್ಮ ಚುಕ್ಕೆಗಳಿಂದಲೇ ಎಲ್ಲ ಬಣ್ಣಗಳನ್ನೂ ಮೂಡಿಸಬೇಕಾಗುವುದರಿಂದ, ಬೆಳಕಿಗೆ ತಕ್ಕಂತೆ ಹೊಳಪು ಬದಲಿಸುವ ಅರೆದ ಚಿನ್ನವು ಕಾರ್ಡಿನಲ್ಲಿ ಕಂದುಹಳದಿಯಾಗಿ ಮಾತ್ರ ಕಾಣುತ್ತದೆ. ಆದ್ದರಿಂದ ಕಾರ್ಡು ಮೂಲಚಿತ್ರಕ್ಕೆ ಬದಲಿಯಲ್ಲ. ಮೂಲದತ್ತ ಕರೆದೊಯ್ಯುವ ಸಾಧನ. ಚಿತ್ರಕಾರನ ಹೆಸರು, ಕಾಲ, ಮಾಧ್ಯಮ, ಮೂಲ ಇರುವ ಸ್ಥಳ ಇವಿಷ್ಟನ್ನು ಹಿಂಬದಿಯಲ್ಲಿ ನಿಖರವಾಗಿ ಮುದ್ರಿಸಿದಾಗಲೇ ಅದು ಕಲೆಯ ದಾಖಲೆಯಾಗುತ್ತದೆ.

ಮೆಟ್ರೊಪಾಲಿಟನ್ ಸಂಗ್ರಹಾಲಯವು ಹಕ್ಕುಸ್ವಾಮ್ಯದ ಅವಧಿ ಮುಗಿದ ತನ್ನ ಕೃತಿಗಳ ಛಾಯಾಚಿತ್ರಗಳನ್ನು 2017ರಿಂದ ಎಲ್ಲರ ಮುಕ್ತ ಬಳಕೆಗೆ ಬಿಟ್ಟಿರುವುದರಿಂದ, ಅಂಥ ಚಿತ್ರಗಳನ್ನು ಇಲ್ಲಿಯೇ ಮುದ್ರಿಸಲು ಶುಲ್ಕವಾಗಲಿ ಅನುಮತಿಯಾಗಲಿ ಬೇಕಿಲ್ಲ. 1892ರಲ್ಲಿ ಆರಂಭವಾದ ಗೋಳಗುಮ್ಮಟದ ವಸ್ತುಸಂಗ್ರಹಾಲಯಕ್ಕೆ ಬರುವ ಪ್ರವಾಸಿಗರಿಗೂ, ತಿಕೋಟಾ ಮತ್ತು ಬಬಲೇಶ್ವರದ ಶಾಲೆಗಳ ಮಕ್ಕಳಿಗೂ ಕನ್ನಡ ವಿವರಣೆಯುಳ್ಳ ಇಂಥ ಕಾರ್ಡುಗಳು ದೊರೆಯುವಂತೆ ಮಾಡುವ ಕೆಲಸವನ್ನು ಜಿಲ್ಲೆಯ ಕಲಾಸಂಸ್ಥೆಗಳೂ ಶಿಕ್ಷಕರೂ ಕೈಗೆತ್ತಿಕೊಳ್ಳಬೇಕು.