ಹಿಮಾಲಯದ ಹಿಮ ಅಳೆದು ಮುಂಗಾರು ಹೇಳಿದ ಕಾಲ

ರೋಹಿಣಿ ಮಳೆ ಹತ್ತಿರ ಬಂತೆಂದರೆ ಬಿತ್ತನೆ ಬೀಜಕ್ಕೆ ಓಡಾಟ ಶುರು. ಈ ವರ್ಷ ಮಳೆ ಹೇಗೆ ಎಂದು ಹಿಂದೆ ಪಂಚಾಂಗ ನೋಡಿ ಹೇಳುತ್ತಿದ್ದರು. ವಿಜ್ಞಾನದಿಂದ ಅದಕ್ಕೆ ಉತ್ತರ ಹುಡುಕುವ ಕೆಲಸ ನಮ್ಮ ದೇಶದಲ್ಲಿ ಆರಂಭವಾದದ್ದು ಒಂದು ಘೋರ ಬರದ ನಂತರ.

1876-78ರ ಆ ಬರದಲ್ಲಿ ಮೈಸೂರು ಸಂಸ್ಥಾನ, ಸೊಲ್ಲಾಪುರ ಸೀಮೆ, ಆದವಾನಿ ಮತ್ತು ರಾಯದುರ್ಗ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆ ತತ್ತರಿಸಿದವು. ತೆಲುಗು ಸೀಮೆಯಲ್ಲಿ ಅದಕ್ಕೆ ಧಾತು ಕರುವು ಎಂದೇ ಹೆಸರು. ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಅವರನ್ನು, ಮಳೆಯ ಬಗ್ಗೆ ಮುಂಚಿತವಾಗಿ ಹೇಳಲು ಸಾಧ್ಯವೇ ಎಂದು ಸರಕಾರ ಕೇಳಿತು.

ಬ್ಲಾನ್‌ಫೋರ್ಡ್ ಕಂಡುಕೊಂಡ ವಾದ ಸರಳ. ಬಿಸಿಲಿಗೆ ನೆಲ ಕಾದರೆ ಮಾತ್ರ ಸಮುದ್ರದ ಗಾಳಿ ಒಳಕ್ಕೆ ಬರುತ್ತದೆ. ಹಿಮಾಲಯದಲ್ಲಿ ಬೇಸಿಗೆಯವರೆಗೂ ಹಿಮ ಹೆಚ್ಚು ಉಳಿದರೆ ಉತ್ತರದ ನೆಲ ಕಾಯುವುದಿಲ್ಲ, ಮುಂಗಾರು ಸೊರಗುತ್ತದೆ. 1882ರಿಂದ ಇದನ್ನು ಪರೀಕ್ಷಿಸಿ ನೋಡಿದರು, ಲೆಕ್ಕ ಸರಿಹೋಯಿತು. 1886ರ ಜೂನ್ 4ರಂದು ಭಾರತ ಮತ್ತು ಬರ್ಮಾಕ್ಕೆ ಮೊದಲ ಅಧಿಕೃತ ಮುನ್ಸೂಚನೆ ಹೊರಬಿತ್ತು.

ಅವರ ನಂತರ ಬಂದ ಜಾನ್ ಎಲಿಯಟ್ ಹಿಮದ ಜೊತೆಗೆ ದೂರದ ಸಮುದ್ರಗಳ ವಾಯುಭಾರವನ್ನೂ ಸೇರಿಸಿದರು. ಆದರೆ 1899ರಲ್ಲಿ ಉತ್ತಮ ಮಳೆ ಎಂದು ಹೇಳಿದ್ದು ಪೂರ್ತಿ ತಲೆಕೆಳಗಾಗಿ ದೊಡ್ಡ ಬರವೇ ಬಂತು. ಪತ್ರಿಕೆಗಳು ಬಿಡಲಿಲ್ಲ. ಮುಂದೆ ಕೆಲವು ವರ್ಷ ಮುನ್ಸೂಚನೆಯನ್ನು ಜನರಿಗೆ ತಿಳಿಸದೆ ಗುಟ್ಟಾಗಿಡಲಾಯಿತು. ಯಾರಿಗಾಗಿ ಹೇಳಬೇಕಿತ್ತೋ ಅವರಿಗೇ ಇಲ್ಲ!

1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಗಣಿತಜ್ಞ. ವಾದ ಬೇಡ, ಅಂಕಿ ನೋಡೋಣ ಎಂಬ ದಾರಿ ಅವರದು. ಹಿಮ, ಮಾರಿಷಸ್ ಮತ್ತು ದಕ್ಷಿಣ ಅಮೆರಿಕದ ವಾಯುಭಾರ, ಜಾಂಜಿಬಾರದ ಮಳೆ ಇವುಗಳಿಂದ 1909ರಲ್ಲಿ ಸೂತ್ರ ಕಟ್ಟಿದರು. ಪೆಸಿಫಿಕ್ ಸಾಗರದಲ್ಲಿ ವಾಯುಭಾರ ಏರಿದರೆ ಹಿಂದೂ ಮಹಾಸಾಗರದಲ್ಲಿ ಇಳಿಯುವ ತೂಗಾಟವನ್ನು ಗುರುತಿಸಿದ್ದೂ ಅವರೇ. ಇಂದಿನ ಎಲ್ ನಿನೋ ಮಾತಿಗೆ ಅದೇ ಬುಡ.

ತೊಂದರೆ ಎಂದರೆ ಇಂಥ ನಂಟುಗಳು ಕೆಲವು ದಶಕ ಸರಿಯಾಗಿ ನಡೆದು ಆಮೇಲೆ ಕೈಕೊಡುತ್ತವೆ. 2002ರಲ್ಲಿ 16 ಅಂಶಗಳ ಸೂತ್ರ ಶೇ. 101 ಮಳೆ ಎಂದಿತು, ಸುರಿದದ್ದು ಶೇ. 81. ಮರುವರ್ಷವೇ ಸೂತ್ರ ಬದಲಾಯಿತು.

ಇನ್ನೊಂದು ಮಾತು. ಇಡೀ ದೇಶಕ್ಕೆ ಒಂದೇ ಲೆಕ್ಕ ಸಲ್ಲದೆಂದು ವಾಕರ್ ದೇಶವನ್ನು ಭಾಗ ಮಾಡಿ ಮುನ್ಸೂಚನೆ ಕೊಟ್ಟಿದ್ದರು. ಆದರೂ ನಮ್ಮ ಕಿವಿಗೆ ಬೀಳುವುದು ದೇಶದ ಸರಾಸರಿಯೇ. 'ವಾಡಿಕೆ ಮಳೆ' ಎಂದ ವರ್ಷವೂ ಜತ್ತ ಅಥವಾ ಮಡಕಶಿರಾದ ಹೊಲ ಒಣಗಿರಬಹುದು. ಲೆಕ್ಕ ತಪ್ಪಿಲ್ಲ, ಆ ಲೆಕ್ಕ ಆ ಹೊಲದ್ದಲ್ಲ.